ಅವ್ವಾರು ತುತ್ತು ಕೊಡದ ದಿನ

ಮೊನ್ನೆ ಮೊಮ್ಮಗಳ ಮನೆಯಲ್ಲಿ ಹಂಚಿನ ಮೇಲಿದ್ದ ಜೋಳದ ರೊಟ್ಟಿಯ ಅಂಚು ತುಸು ಹೊತ್ತಿತು. ಆಕೆ ಕಿಟಕಿ ತೆರೆಯಲು ಓಡಿದಳು. ನಾನು ಮಾತ್ರ ಆ ವಾಸನೆಯನ್ನು ಎಳೆದುಕೊಳ್ಳುತ್ತ ಕೂತೇ ಇದ್ದೆ... ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿ, ಹೊಗೆಗೆ ಕಪ್ಪಾದ ಗೋಡೆ, ಒಲೆಯ ಮುಂದೆ ಕೂತ ಅವ್ವಾರು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನವಲಗುಂದದ ಕಡೆಯ ಹಳ್ಳಿಯಿಂದ ಬಂದು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಮಾಸ್ತರನಾಗಿ ಸೇರಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಖಾನಾವಳಿಯ ಅಟ್ಟದ ಕೋಣೆ ನನ್ನ ಬಿಡಾರ, ಊಟ ಕೆಳಗೇ. ಖಾನಾವಳಿ ನಡೆಸುತ್ತಿದ್ದ ಆ ವಿಧವೆಯನ್ನು ಹತ್ತಿ ಅಂಗಡಿಯ ಗುಮಾಸ್ತರಿಂದ ಹಮಾಲರವರೆಗೆ ಎಲ್ಲರೂ ಅವ್ವಾರು ಅಂತಲೇ ಕರೆಯುತ್ತಿದ್ದರು. ಹೆಚ್ಚು ಮಾತಿನವರಲ್ಲ. ಯಾರ ತಟ್ಟೆ ಖಾಲಿಯಾಗಿದೆ ಅನ್ನುವುದು ಮಾತ್ರ ಅವರಿಗೆ ತಿರುಗಿ ನೋಡದೆಯೂ ತಿಳಿಯುತ್ತಿತ್ತು.

ಮಳೆಗಾಲದ ಒಂದು ಸಂಜೆ ಪೇಟೆಯಲ್ಲಿ ಕೊಳೆತ ಸೊಪ್ಪಿನ ಮೇಲೆ ನನ್ನ ಸೈಕಲ್ ಜಾರಿತು. ಬಲ ಭುಜ ನೆಲಕ್ಕೆ ಬಡಿದು, ಕೊರಳ ಬುಡದಿಂದ ಭುಜಕ್ಕೆ ಹೋಗುವ ಎಲುಬು ಎರಡು ತುಂಡಾಯಿತು. ದವಾಖಾನೆಯಲ್ಲಿ ಆಪರೇಶನ್ ಮಾಡಿ ತಂತಿ ಹಾಕಿ ಕೂಡಿಸಿದರು. ಕೈಯನ್ನು ಎದೆಗೆ ಬಿಗಿದು ಕಟ್ಟಿ ಕಳಿಸಿದರು. ಆಗಾಗ ಡಾಕ್ಟರಿಗೆ ತೋರಿಸಬೇಕಿತ್ತು, ಹಾಗಾಗಿ ಊರಿಗೆ ಹೋಗುವಂತಿರಲಿಲ್ಲ. ತಾಯಿ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ಹೊಲದ ಕೆಲಸ ಬಿಟ್ಟು ಓಡಿ ಬಂದಿದ್ದ ಅಪ್ಪ ಹೊರಡುವಾಗ ಖಾನಾವಳಿಯ ಬಾಗಿಲಲ್ಲಿ ಹೆಜ್ಜೆ ಮುಂದಿಡಲಾರದೆ ನಿಂತುಬಿಟ್ಟ. ನಿಶ್ಚಿಂತೆಯಿಂದ ಹೋಗಿರಿ ಅಂತ ಅವ್ವಾರೇ ಹೇಳಿ ಕಳಿಸಿದರು.

ಮೊದಲ ದಿನ ಎಡಗೈಯಿಂದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದೆ. ಅವ್ವಾರು ಬಂದು ತಟ್ಟೆ ಎಳೆದುಕೊಂಡು, ರೊಟ್ಟಿಯನ್ನು ಮುರಿದು ಸಾರಿನಲ್ಲಿ ಕಲಸಿ, ತುತ್ತು ಮಾಡಿ ಬಾಯಿಗೆ ಹಿಡಿದರು. ನಾಲ್ಕು ಜನರ ಮುಂದೆ ನಾಚಿಕೆಯಾಯಿತು. ಮರುದಿನದಿಂದ ಎಲ್ಲರೂ ಉಂಡು ಎದ್ದ ಮೇಲೆ ನನ್ನನ್ನು ಕರೆಯತೊಡಗಿದರು. ಒಬ್ಬರ ಕೈಯಿಂದ ಉಣ್ಣುವುದು ಹೇಗಿರುತ್ತದೆ ಅಂತ ನನಗೆ ನೆನಪೇ ಇರಲಿಲ್ಲ... ಆ ಊಟಕ್ಕಾಗಿ ನಾನು ಕಾಯತೊಡಗಿದ್ದೆ.

ಕಟ್ಟು ಬಿಚ್ಚಿದ ಮೇಲೆ ಡಾಕ್ಟರು, ನೋವಾದರೂ ದಿನಾ ಕೈ ಎತ್ತಬೇಕು ಅಂದರು. ಎತ್ತಿ ನೋಡಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಒಳಗಿನ ತಂತಿ ಹರಿದರೆ ಅನ್ನುವ ಭಯ ಹೊಕ್ಕಿತು. ಟವೆಲ್ಲನ್ನು ಕೊರಳಿಗೆ ಕಟ್ಟಿ ಕೈ ತೂಗುಹಾಕಿಕೊಂಡು ಕೂತುಬಿಟ್ಟೆ. ಬೋರ್ಡಿನ ಮೇಲೆ ಬರೆಯಲು ಆಗುತ್ತದೋ ಇಲ್ಲವೋ ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಅಂತ ಹೆಡ್‌ಮಾಸ್ತರರು ಹೇಳಿ ಕಳಿಸಿದರು. ಅದನ್ನು ಕೇಳಿಯೂ ಕೈ ಏಳಲಿಲ್ಲ. ಅವ್ವಾರು ಉಣಿಸುತ್ತಲೇ ಇದ್ದರು.

ಒಂದು ಮಧ್ಯಾಹ್ನ ತಟ್ಟೆ ಇಟ್ಟವರು ಎದುರಿಗೆ ಕೂತರು. ಕೈ ಮುಂದೆ ಮಾಡಲಿಲ್ಲ.

"ಇವತ್ತಿಂದ ನಾ ಉಣಸೂದಿಲ್ರಿ ಮಾಸ್ತರ. ಬಲಗೈಲೆ ನೀವ ಉಣ್ರಿ."

ಚೇಷ್ಟೆ ಅಂದುಕೊಂಡು ನಕ್ಕೆ. ಅವರು ಎದ್ದು ಒಲೆಯ ಕಡೆ ಹೋಗಿಬಿಟ್ಟರು. ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ಅವಮಾನ. ಎಷ್ಟಾದರೂ ಪರರು, ಬೇಸರ ಬಂದಿದೆ ಅಂದುಕೊಂಡು ಉಣ್ಣದೆ ಅಟ್ಟ ಹತ್ತಿದೆ.

ಹೊತ್ತು ಇಳಿಯುವಾಗ ಅವ್ವಾರು ಮೆಟ್ಟಿಲು ಹತ್ತಿ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಗಂಡನ ವಿಷಯ ಹೇಳಿದರು. ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಹೊರುತ್ತಿದ್ದ ಮನುಷ್ಯ. ಒಂದು ಅಂಡಿಗೆ ಭುಜದ ಮೇಲೆ ಬಿದ್ದು ಎಲುಬು ಮುರಿದಿತ್ತು. ಎಲುಬೇನೋ ಕೂಡಿಕೊಂಡಿತು, ಆದರೆ ನೋವಿಗೆ ಹೆದರಿ ಅವರು ಕೈ ಆಡಿಸಲಿಲ್ಲ.

"ನಾನೂ ಪಾಪ ಅಂತ ಉಣಿಸಿಕೋತ ಕುಂತೆರಿ. ಕೈ ಒಣಗಿ ಕಟಿಗಿ ಆತು. ದುಡಿಯೂ ಮನಶ್ಯಾ ಮೂಲಿ ಹಿಡದ್ರು, ಮತ್ತ ಏಳಲಿಲ್ಲ. ನನ್ನ ತುತ್ತಿನಿಂದನ ಹಂಗಾತು ಅನಸ್ತೈತಿ. ನಿಮಗ ಹಂಗ ಆಗಗೊಡೂದಿಲ್ಲ."

ಅವರ ಹಿಂದೆ ಇಳಿದೆ. ತಲೆಯನ್ನು ತಟ್ಟೆಯವರೆಗೆ ಬಗ್ಗಿಸಿ, ಬೆವರುತ್ತ, ಬಲಗೈಯಿಂದಲೇ ಅರ್ಧ ಚೆಲ್ಲಿ ಅರ್ಧ ಉಂಡೆ. ಅವ್ವಾರು ನೆರವಿಗೆ ಬರಲಿಲ್ಲ. ಒಲೆಯ ಉರಿಯನ್ನೇ ನೋಡುತ್ತ ಕೂತಿದ್ದರು... ಅತ್ತರೋ ಏನೋ, ನನಗೆ ಕಾಣಲಿಲ್ಲ.

ಮರುದಿನದಿಂದ ನಸುಕಿನಲ್ಲೇ ನನ್ನನ್ನು ಎಬ್ಬಿಸಿ, ಪಕ್ಕಕ್ಕೆ ಕೂರಿಸಿಕೊಂಡು ರೊಟ್ಟಿ ಬಡಿಯಲು ಹಚ್ಚಿದರು. ನನ್ನ ರೊಟ್ಟಿಗೆ ಒಂದು ಆಕಾರವಿಲ್ಲ. ಮಾಸ್ತರರ ರೊಟ್ಟಿ ತಮಗೆ ಬೇಡ ಅಂತ ಹಮಾಲರು ನಗುತ್ತಿದ್ದರು. ಅವ್ವಾರು ಅವನ್ನೆಲ್ಲ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಬೆಂದ ರೊಟ್ಟಿಯ ಬುಟ್ಟಿಯನ್ನು ಮೊದಲ ದಿನಗಳಲ್ಲಿ ಮಣೆಯ ಮೇಲೆ, ಆಮೇಲೆ ಕಟ್ಟೆಯ ಮೇಲೆ, ಕೊನೆಗೆ ಗೋಡೆಯ ಎತ್ತರದ ಗೂಡಿನಲ್ಲಿ ಇಡುವ ಕೆಲಸವೂ ನನ್ನದೇ ಆಯಿತು. ಒಂದು ಬೆಳಿಗ್ಗೆ ಯಾರೋ ಉಪ್ಪಿನಕಾಯಿ ಕೇಳಿದರು. ಮೇಲಿನ ಹಲಗೆಯ ಭರಣಿಯನ್ನು ತೆಗೆದುಕೊಟ್ಟೆ. ಕೊಟ್ಟಾದ ಮೇಲೆಯೇ ಗೊತ್ತಾದದ್ದು, ತೆಗೆದದ್ದು ಬಲಗೈಯಿಂದ ಅಂತ. ಅವ್ವಾರ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅದನ್ನ ತಿರುಗಿ ಅಲ್ಲೇ ಇಡ್ರಿ ಮಾಸ್ತರ," ಅಂದರು, "ನಾ ನೋಡಲಿಲ್ಲ."

ಇಟ್ಟೆ. ಅವರ ಮುಖದ ತುಂಬ ನಗು. ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ.

ನೌಕರಿ ಉಳಿಯಿತು, ಕಾಯಂ ಆಯಿತು. ಗದಗಿನ ಕಡೆ ವರ್ಗವಾದ ಮೇಲೆ ಭೇಟಿಗಳು ವಿರಳವಾದವು. ಅರವತ್ತರ ದಶಕದ ಕೊನೆಯಲ್ಲಿ ಅವರು ಹುಬ್ಬಳ್ಳಿಯ ಅಂಚಿನ ಬೆಂಗೇರಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ ಅಂತ ಕೇಳಿ ಹೋದೆ. ತಂದ ಹಣ್ಣನ್ನು ಅವರು ನೋಡಲೇ ಇಲ್ಲ. ಕೈ ಎತ್ತಿ ತೋರಿಸಲು ಹೇಳಿದರು. ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದೆ. ಬಹಳ ಹೊತ್ತು ನೋಡಿ, ಛಲೋ ಆತು ಅಂದು ನಿದ್ದೆಗೆ ಜಾರಿದರು. ಅದೇ ಕೊನೆಯ ಭೇಟಿ. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳುಗಳ ನಂತರ...

ಖಾನಾವಳಿಯ ಜಾಗದಲ್ಲಿ ಈಗ ಬಟ್ಟೆ ಅಂಗಡಿ. ಈಚೆಗೆ ಹುಬ್ಬಳ್ಳಿಗೆ ಹೋದಾಗ ಅದರ ಮುಂದೆ ನಿಂತಿದ್ದೆ. ಒಳಗಿದ್ದವನು ಏನು ಬೇಕು ಅಂತ ಕೇಳಿದ. ಅವ್ವಾರು ಇಲ್ಲೇ ಕೂರುತ್ತಿದ್ದರು ಅಂತ ಹೇಳಬೇಕೆನಿಸಿತು. ಅವರನ್ನು ಕಂಡವರು ಆ ಓಣಿಯಲ್ಲಿ ಯಾರೂ ಉಳಿದಿಲ್ಲ. ಏನೂ ಬೇಡಪ್ಪ ಅಂದು, ಎರಡೂ ಕೈ ಎತ್ತಿ ಆ ಜಾಗಕ್ಕೆ ಮುಗಿದು ಬಂದೆ.