ಎಲ್ಲರ ತೂಕ ಇಳಿಸುವ ಸೇನಬು

ಬೆಳಗಿನ ನಮಾಜು ಮುಗಿಸಿ ಜನ ಮಸೀದಿಯಿಂದ ಹೊರಬೀಳುವಷ್ಟರಲ್ಲಿ ಡಕಾರ್‌ನ ಯೋಫ್ ದಂಡೆಯಲ್ಲಿ ಸೇನಬು ಅವರ ದನಿ ಏರಿರುತ್ತದೆ. "ಮಂಡಿ ಮೇಲೆ! ಇನ್ನೂ ಮೇಲೆ! ತಿಯೋರೋ, ನಿನ್ನೆ ತಿಂದಿದ್ದೆಲ್ಲ ಸೊಂಟದಲ್ಲೇ ಕೂತಿದೆ ಕಣೇ, ಅಲ್ಲಾಡ್ಸು!" ಒದ್ದೆ ಮರಳಿನ ಮೇಲೆ ಸಾಲಾಗಿ ನಿಂತ ಹೆಂಗಸರು ನಗುತ್ತಲೇ ಜಿಗಿಯುತ್ತಾರೆ. ದೋಣಿ ಎಳೆಯುವ ಗಂಡಸರಲ್ಲೊಬ್ಬ ದಿನಾ ಅದೇ ಮಾತು ಎಸೆಯುತ್ತಾನೆ: "ಕುಣಿಸೋಳೇ ಎಲ್ರಿಗಿಂತ ದಪ್ಪ ಇದಾಳಲ್ರೋ!"

"ಬಾರೋ, ನನ್ನ ಜೊತೆ ಕುಣಿದು ತೋರ್ಸು, ಆಮೇಲೆ ಮಾತಾಡು" ಎಂದು ಸೇನಬು ತಿರುಗಿಯೂ ನೋಡದೆ ಉತ್ತರಿಸುತ್ತಾರೆ. ಆದರೆ ಅವನ ಮಾತಿನಲ್ಲಿ ಸುಳ್ಳಿಲ್ಲ, ಅದೇ ಅವರ ತಲೆನೋವು.

ಸೇನಬು ಮೊದಲು ಮೀನು ಒಣಗಿಸುತ್ತಿದ್ದವರು. ಹೆರಿಗೆಯ ನಂತರ ಮೈ ಬಂದ ನೆರೆಯ ಹೆಂಗಸರಿಬ್ಬರನ್ನು ದಂಡೆಗೆ ಕರೆದೊಯ್ದು ಓಡಿಸಿದ್ದೇ ನೆಪ, ಈಗ ಅರ್ಧ ಬಡಾವಣೆಯೇ ಬರುತ್ತದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದವರಿದ್ದಾರೆ, ಹಳೆಯ ರವಿಕೆ ಮತ್ತೆ ಹಿಡಿಸಿತೆಂದು ಹಿಗ್ಗಿದವರಿದ್ದಾರೆ. ಕಲಿಸಿದ್ದಕ್ಕೆ ಸಂಬಳ ಇಲ್ಲ. ಅದರ ಬದಲು ದಿನಕ್ಕೊಂದು ಮನೆಯವರು ಮಧ್ಯಾಹ್ನದ ಊಟಕ್ಕೆ ಎಳೆದೊಯ್ಯುತ್ತಾರೆ. ಮೀನಿನ ಎಸರಲ್ಲಿ ಬೆಂದ ಕೆಂಪನ್ನ, ಮೇಲೊಂದು ದಪ್ಪ ಮೀನು, ಊಟದ ಮೇಲೆ ಸಕ್ಕರೆ ಸುರಿದ ಚಹಾ, ಅದೂ ಮೂರು ಸುತ್ತು. ಬೇಡ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಬೆಳಗ್ಗೆ ಸುರಿಸಿದ ಬೆವರೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಬೇಸಿಗೆಯಲ್ಲಿ ಅವರ ಮಂಡಿ ಊದಿಕೊಂಡಿತು. ಆರೋಗ್ಯ ಕೇಂದ್ರದ ನರ್ಸ್ ಮಾಸಾಂಬಾ ಮುಲಾಜಿಲ್ಲದೆ ಹೇಳಿಬಿಟ್ಟರು: "ಮಳೆಗಾಲದ ಒಳಗೆ ತೂಕ ಇಳೀಲಿಲ್ಲ ಅಂದ್ರೆ ಜಿಗಿಯೋದು ಬಂದ್."

"ಅವತ್ತು ರಾತ್ರಿ ನಿದ್ದೆ ಹತ್ಲಿಲ್ಲ" ಎಂದು ಸೇನಬು ನೆನೆಯುತ್ತಾರೆ. "ಜಿಗಿಯೋದು ಬಿಟ್ರೆ ನಾನು ಯಾರು? ಯಾರಿಗೆ ಬೇಕು?"

ಹೆದರಿದ ಅವರು ಮೊದಲು ಮಾಡಿದ್ದು ಎರಡು ಪಟ್ಟು ಓಡಿದ್ದು. ಓಡಿದಷ್ಟೂ ಹಸಿವು, ಹಸಿದಷ್ಟೂ ತುತ್ತು. ಮುಂದಿನ ಸಲ ಆರೋಗ್ಯ ಕೇಂದ್ರದಲ್ಲಿ ತಕ್ಕಡಿಯ ಮುಳ್ಳು ಇನ್ನೂ ಮುಂದೆ ಹೋಗಿತ್ತು. ಒಳಗೆ ಹೋಗುವುದಕ್ಕಿಂತ ಖರ್ಚಾಗುವುದು ಹೆಚ್ಚಿರಬೇಕು, ಗಂಟೆಗಟ್ಟಲೆ ಓಡಿದರೂ ಒಂದು ಊಟ ಅದನ್ನು ತುಂಬಿಬಿಡುತ್ತದೆ ಎಂದು ಮಾಸಾಂಬಾ ಬಿಡಿಸಿ ಹೇಳಿದರು. "ಒಂದೊತ್ತಿಗೆ ಎಷ್ಟು ಅನ್ನ ತಿಂತೀರಾ?"

"ಬೋಗುಣಿ ಒಂದೇ ಸಾರ್, ಕೈ ಎಂಟು. ನಂದು ಎಲ್ಲಿ ಮುಗೀತು, ತಿಯೋರೋದು ಎಲ್ಲಿ ಶುರುವಾಯ್ತು ಅಂತ ನಂಗೇನ್ ಗೊತ್ತು?"

ಮಾಸಾಂಬಾ ತಲೆ ಕೆರೆದುಕೊಂಡರು. ಅವರೂ ಮನೆಗೆ ಹೋಗಿ ಎಲ್ಲರ ಜೊತೆ ಒಂದೇ ಬೋಗುಣಿಗೆ ಕೈ ಹಾಕುವವರು. ಕೊನೆಗೆ, "ಬೇರೆ ತಟ್ಟೆಗೆ ಹಾಕಿಸ್ಕೊಳ್ಳಿ" ಅಂದರು.

ಮಾರನೆಯ ದಿನ ತಿಯೋರೋ ಮನೆಯಲ್ಲಿ ಸೇನಬು ಮೆಲ್ಲನೆ ತಟ್ಟೆ ಕೇಳಿದರು. ಚಾಪೆಯ ಮೇಲೆ ಬೋಗುಣಿಯ ಸುತ್ತ ಕೂತವರೆಲ್ಲ ತಲೆಯೆತ್ತಿ ನೋಡಿದರು. ತಿಯೋರೋಳ ಅತ್ತೆ ಗೋನೆ, ಕಡ್ಡಿಯಂಥ ಮುದುಕಿ, ಕೈಯಲ್ಲಿದ್ದ ಮೀನು ಕೆಳಗಿಟ್ಟರು. "ಯಾಕಮ್ಮ, ನಮ್ಮ ಕೈ ಗಲೀಜಾ? ಯಾರು ಏನಂದ್ರು ಹೇಳು." ಸೇನಬು ಕಂಗಾಲಾಗಿ ತಟ್ಟೆ ವಾಪಸು ಕೊಟ್ಟರು. ತಪ್ಪು ಮುಚ್ಚಿಕೊಳ್ಳಲು ಅವತ್ತು ಎಂದಿಗಿಂತ ಹೆಚ್ಚೇ ಉಂಡರು. ಓಡಿದರೂ ಕಷ್ಟ, ಉಂಡರೂ ಕಷ್ಟ, ಬಿಟ್ಟರಂತೂ ಜಗಳ. ಏನು ಮಾಡಬೇಕೋ ತೋಚಲಿಲ್ಲ.

ಆಮೇಲಿನ ಶುಕ್ರವಾರ ಅದೇ ಚಾಪೆ. ಬೋಗುಣಿಯ ನಡುವಿನ ಮೀನು ಬಿಡಿಸಿ, ಮುಳ್ಳು ತೆಗೆದು, ಪ್ರತಿಯೊಬ್ಬರ ಮುಂದೆ ಚೂರು ಸರಿಸುವುದು ಆ ಮನೆಯಲ್ಲಿ ಗೋನೆಯ ಕೆಲಸ. ಅವತ್ತು ಬೆರಳು ನಡುಗಿ ಮುಳ್ಳು ಜಾರುತ್ತಿತ್ತು. ನೋಡಲಾಗದೆ ಸೇನಬು ಕೈ ಮುಂದೆ ಮಾಡಿದರು: "ಕೊಡಿ ಅಮ್ಮ, ನಾನು ಬಿಡಿಸ್ತೀನಿ. ನೀವು ಸುಮ್ನೆ ಉಣ್ಣಿ."

ಇವರಿಗೊಂದು ಚೂರು, ಅವರಿಗೊಂದು ಗೆಣಸು, ಅಂಚಿನ ಮಗುವಿನ ಮುಂದೆ ಮುಳ್ಳಿಲ್ಲದ ಭಾಗ. ಹಂಚಿ ತಲೆಯೆತ್ತುವಷ್ಟರಲ್ಲಿ ಬೋಗುಣಿಯ ತಳ ಕಾಣುತ್ತಿತ್ತು. ಸೇನಬು ಬಾಯಿಗೆ ಹೋಗಿದ್ದು ನಾಲ್ಕೇ ತುತ್ತು. "ಉಣ್ಣು ಉಣ್ಣು" ಎಂದು ಯಾರೂ ಗದರಲಿಲ್ಲ, ಕೈ ಬೋಗುಣಿಯಲ್ಲೇ ಇತ್ತಲ್ಲ!

ಅಂದಿನಿಂದ ಯಾವ ಮನೆಗೆ ಹೋದರೂ ಮೀನು ಬಿಡಿಸುವವರು ಇವರೇ. ಚಹಾ ಸೋಸುವ ಕೆಲಸವನ್ನೂ ವಹಿಸಿಕೊಂಡಿದ್ದಾರೆ, ಲೋಟ ಹಂಚುವವರಿಗೆ ಕುಡಿಯಲು ಪುರಸೊತ್ತೆಲ್ಲಿ? ಮಳೆ ಶುರುವಾಗುವ ಮುಂಚೆ ತಕ್ಕಡಿಯ ಮುಳ್ಳು ಹಿಂದಕ್ಕೆ ಸರಿಯಿತು. ಜಿಗಿಯಲು ಅಡ್ಡಿಯಿಲ್ಲ ಎಂದರು ಮಾಸಾಂಬಾ. ತೂಕ ಇಳಿಸಿದ್ದು ಓಟವೋ ಮೀನು ಬಿಡಿಸಿದ್ದೋ, ಸೇನಬುಗೆ ಇವತ್ತಿಗೂ ಗೊತ್ತಿಲ್ಲ.

ಗೋನೆಗೆ ಗೊತ್ತಿದೆ. ಸೇನಬು ನಾಲ್ಕೇ ತುತ್ತಿನ ಗುಟ್ಟು ಹೇಳಿದಾಗ ಬೊಚ್ಚುಬಾಯಿ ಬಿಟ್ಟು ನಕ್ಕರಂತೆ. "ಮದುವೆಯಾದಾಗಿಂದ ಈ ಮನೇಲಿ ಮೀನು ಬಿಡಿಸಿದೀನಿ. ನಾನ್ಯಾಕೆ ಕಡ್ಡಿ ಆಗಿದೀನಿ ಅಂತ ಯಾವ ನರ್ಸೂ ಕೇಳ್ಲಿಲ್ಲ ನೋಡು." ಸೇನಬು ನಗಲಿಲ್ಲ. ಆ ಮಾತು ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಬೆಳಕು ಹರಿದಿದೆ, ಹೆಂಗಸರು ಮರಳು ಕೊಡವಿಕೊಂಡು ಹೊರಟಿದ್ದಾರೆ. ಸೇನಬು ಮಂಡಿ ಸವರಿಕೊಳ್ಳುತ್ತಾ ಏಳುತ್ತಾರೆ. "ಅಷ್ಟೊಂದು ತೂಕ ಎಲ್ಲೋಯ್ತು ಅಂತ ಮಾಸಾಂಬಾ ಸಾರ್ ಕೇಳಿದ್ರು. ತಿಯೋರೋ ಅತ್ತೆ ಕೆನ್ನೆ ಒಂದ್ಸಲ ನೋಡ್ಕೊಂಡ್ ಬನ್ನಿ ಸಾರ್, ಅಂದೆ."