ಪ್ಲಗ್ಗಿನ ಸಂದಿಗೆ ನಾಲ್ಕು ಬ್ಲೇಡು

ಮಾವನ ಎಡಗಿವಿ ಯಾವಾಗ ಹೋಯಿತೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಬಲಗಿವಿ ಹೋದದ್ದು ಗೊತ್ತು. ಅರವತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ, ಮೂರು ನಾಲ್ಕು ತಿಂಗಳ ಒಳಗೆ.

ಅವರು ನನ್ನ ಅಮ್ಮನ ತಮ್ಮ, ನಮ್ಮ ಮನೆಯ ಯಜಮಾನ. ಬಂಟ್ವಾಳದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಮೂಡಬಿದಿರೆಯ ಜೈನ ವ್ಯಾಪಾರಿಗಳು, ಬೆಳ್ತಂಗಡಿಯ ತಾಲೂಕು ಕಚೇರಿಗೆ ಹೋಗುವ ಜಮೀನುದಾರರು, ತವರಿಗೆ ಹೊರಟ ಬಾಣಂತಿಯರು ಅವರ ಕಾರನ್ನೇ ಕೇಳಿ ಬರುತ್ತಿದ್ದರು. ಹದಿನೆಂಟನೇ ವಯಸ್ಸಿಗೆ ಸ್ಟಿಯರಿಂಗ್ ಹಿಡಿದವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೇರೆ ಕೆಲಸವೂ ಉಂಟೆಂದು ಅವರು ಯೋಚಿಸಿದಂತೆ ಕಾಣಲಿಲ್ಲ.

ಕಿವಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎದುರಿಗೆ ಬಂದು ನಿಂತು ತುಸು ಗಟ್ಟಿಯಾಗಿ ಮಾತಾಡುವ ಅಭ್ಯಾಸ ನಮಗೆಲ್ಲ ತಾನಾಗಿ ಬಂದಿತ್ತು. ಅವರು ಬಾಯಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಕಾರಿನ ಹಿಂದಿನ ಸೀಟಿನವರು ಏನಾದರೂ ಕೇಳಿ ಉತ್ತರ ಸಿಗದಿದ್ದರೆ, ಡ್ರೈವರಿಗೆ ಸ್ವಲ್ಪ ಗತ್ತು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಒಂದು ದಿನ ಮಡಂತ್ಯಾರಿನಿಂದ ಈಚೆಗೆ ಬಸ್ಸೊಂದು ಒಂದು ಮೈಲಿ ದೂರ ಹಾರ್ನ್ ಹಾಕಿದರೂ ಮಾವ ಸೈಡ್ ಕೊಡಲಿಲ್ಲ. ತಿರುವಿನಲ್ಲಿ ಹೇಗೋ ಮುಂದೆ ಹೋಗಲು ನೋಡಿದ ಬಸ್ಸಿನ ಮುಂದಿನ ಚಕ್ರ ಚರಂಡಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬಸ್ಸಿನ ಡ್ರೈವರು ಠಾಣೆಗೆ ಹೋಗಿ, ಈ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂದು ಬರೆದುಕೊಟ್ಟ. ಎರಡು ದಿನ ಬಿಟ್ಟು ಪೇದೆ ಮನೆಗೆ ಬಂದ. ಗುರುವಾರ ಪ್ರವಾಸಿ ಬಂಗಲೆಗೆ ಮೋಟಾರು ಇನ್ಸ್‌ಪೆಕ್ಟರು ಬರುತ್ತಾರೆ, ಕಾರನ್ನೂ ಲೈಸೆನ್ಸನ್ನೂ ತರಬೇಕು, ಅವರನ್ನು ಕೂರಿಸಿಕೊಂಡು ಓಡಿಸಿ ತೋರಿಸಬೇಕು ಎಂದು ಹೇಳಿ ಹೋದ.

ಆ ವಾರವೇ ಕಾರು ಕೈಕೊಟ್ಟಿತು. ಪುಂಜಾಲಕಟ್ಟೆಯ ಏರಿನಲ್ಲಿ ಎಳೆಯುವುದಿಲ್ಲ ಎಂದರು ಮಾವ. ಕಾರು ಅಂಗಳಕ್ಕೆ ಬಂದು ನಿಂತಾಗ ನನಗೂ ಅಮ್ಮನಿಗೂ ಕೇಳಿಸುತ್ತಿತ್ತು: ನಾಲ್ಕು ಏಟಿಗೆ ಒಂದು ಏಟು ತಪ್ಪುತ್ತಿತ್ತು. ಡ್ರೈವರುಗಳು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಮಾವ ಅದನ್ನು ಕಾಲಿನಲ್ಲಿ ತಿಳಿದಿದ್ದರು, ಕಿವಿಯಲ್ಲಿ ಅಲ್ಲ.

ಪೇಟೆಯ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಹಾಗಿರಲಿಲ್ಲ. ಅವನು ಎಂಜಿನ್ ಚಾಲು ಮಾಡಿ, "ಕೇಳಿ, ಯಾವ ಸಿಲಿಂಡರು ಹೇಳಿ" ಎಂದು ಒಂದು ಮಾತು ಕೇಳಿದರೆ ಸಾಕು. ಗುರುವಾರದ ಒಳಗೆ ಕಾರ್ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತಿತ್ತು. ನಾನು ಆಗ ಮಂಗಳೂರಿನ ಒಂದು ಪತ್ರಿಕೆಗೆ ಬಂಟ್ವಾಳದ ಸುದ್ದಿ ಬರೆದು ಸಂಜೆಯ ಬಸ್ಸಿನಲ್ಲಿ ಕಳುಹಿಸುತ್ತಿದ್ದೆ. ಅದೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ, ಸಿಲಿಂಡರಿಗೊಂದರಂತೆ ಕಿಡಿ ಹಾರಿಸುವ ನಾಲ್ಕು ಹೊಸ ಪ್ಲಗ್ ತರಿಸಿದೆ. ಮೂರೇ ಹಾಕಿದ್ದು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ನಾಲ್ಕು.

ಬುಧವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಮಾವ ಬಾನೆಟ್ ಎತ್ತಿದರು. ಹಳೆಯ ಇಂಗ್ಲಿಷ್ ಕಾರು, ನಾಲ್ಕೂ ಪ್ಲಗ್ಗು ಮೇಲೆಯೇ ಸಾಲಾಗಿ ಕಾಣುತ್ತಿದ್ದವು. ಮೊದಲು ಒಂದೊಂದರ ಬುಡದ ಧೂಳನ್ನೂ ಊದಿ, ಬಟ್ಟೆಯಲ್ಲಿ ಒರೆಸಿದರು. ಬಿಚ್ಚುವಾಗ ಒಂದು ಮರಳಿನ ಕಣ ಒಳಗೆ ಬಿದ್ದರೂ ಸಿಲಿಂಡರಿನ ಗೋಡೆ ಗೀರುತ್ತದೆ ಎಂದರು. ವಯರುಗಳನ್ನು ಅದಲುಬದಲಾಗದಂತೆ ಒಂದೊಂದಕ್ಕೆ ಒಂದು, ಎರಡು, ಮೂರು, ನಾಲ್ಕು ಗಂಟಿನ ದಾರ ಕಟ್ಟಿದರು.

ಮೊದಲ ಎರಡು ಸುಲಭವಾಗಿ ಬಂದವು. ಮೂರನೆಯದು ಅಲುಗಲಿಲ್ಲ. ಮಾವ ಸ್ಪ್ಯಾನರಿನ ಮೇಲೆ ಭಾರ ಹಾಕಿದರು, ತಕ್ಷಣ ಬಿಟ್ಟರು. ಅದು ಅಲ್ಲಿಯೇ ತುಂಡಾದರೆ ಅಥವಾ ಎಂಜಿನ್ ಹೆಡ್ಡಿನ ತಿರುಪಿನ ಎಳೆ ಕಿತ್ತುಬಂದರೆ ಕಾರು ಒಂದು ತಿಂಗಳು ಏಳುವುದಿಲ್ಲ. ಗುರುವಾರ ಬಂಗಲೆಗೆ ಹೋಗದಿದ್ದರೆ ಹೆದರಿದ್ದಾನೆ ಎಂದೇ ಅರ್ಥ. ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಕಾದೆವು. ಒಂದು ಕೂದಲೆಳೆ ತಿರುಗಿಸುವುದು, ಮತ್ತೆ ಹಿಂದಕ್ಕೆ ಬಿಗಿಯುವುದು, ಮತ್ತೆ ಸೀಮೆಎಣ್ಣೆ. ಹೀಗೆ ಒಂದು ಗಂಟೆ ಹೋಯಿತು.

ಅಮ್ಮ ಜಗಲಿಯಲ್ಲಿ ಮೆಣಸಿನ ತೊಟ್ಟು ತೆಗೆಯುತ್ತಿದ್ದಳು.

"ಹಲ್ಲು ಕೀಳುವ ಡಾಕ್ಟರು ಸಹ ಇಷ್ಟು ಹೊತ್ತು ಮಾಡುವುದಿಲ್ಲ ಮಾರಾಯ," ಎಂದಳು.

ಮಾವನ ಬೆನ್ನು ಇತ್ತ ಇತ್ತು. ಅವರು ಮತ್ತೆ ಸೀಮೆಎಣ್ಣೆ ಬಿಟ್ಟರು. ಅಮ್ಮ ನನ್ನನ್ನು ನೋಡಿ ಮತ್ತೆ ಮೆಣಸಿಗೆ ಕೈ ಹಾಕಿದಳು.

ಕೊನೆಗೆ ಮೂರನೆಯದು ಕಿರುಗುಟ್ಟಿ ಸಡಿಲವಾಯಿತು. ತುದಿ ಕಪ್ಪಗೆ, ಎಣ್ಣೆಯಲ್ಲಿ ಒದ್ದೆಯಾಗಿತ್ತು. ಉಳಿದವು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. "ಕಳ್ಳ ಇವನೇ," ಎಂದರು ಮಾವ.

ಹೊಸ ಪ್ಲಗ್ಗುಗಳ ತುದಿಯಲ್ಲಿ ಕಿಡಿ ಹಾರುವ ಸಂದನ್ನು ಅಳೆದು ಸರಿಮಾಡಬೇಕು. ಮಾವನ ಅಳತೆ ಎಂದರೆ ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಕ್ಷೌರದ ಬ್ಲೇಡು. ನಾಲ್ಕನ್ನೂ ಒತ್ತಾಗಿ ಹಿಡಿದರೆ ಎಷ್ಟು ದಪ್ಪವೋ ಅಷ್ಟು ಸಂದು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂಬದಿಯ ದೊಡ್ಡ ಡ್ರಮ್ಮಿನಲ್ಲಿ ಇದ್ದಿಲು ಉರಿಯುತ್ತಿತ್ತು. ಮೂಡಬಿದಿರೆಯಿಂದ ಬಂಟ್ವಾಳಕ್ಕೆ ಅಂಥ ಬಸ್ಸನ್ನು ಮಾವ ವರ್ಷಗಟ್ಟಲೆ ಓಡಿಸಿದ್ದರು. ಆ ಗ್ಯಾಸಿಗೆ ಸಂದು ಬಹಳ ಕಿರಿದಾಗಿರಬೇಕಿತ್ತು. ಪೆಟ್ರೋಲ್ ಬಂದ ಮೇಲೂ ಅವರು ಬ್ಲೇಡನ್ನು ಬಿಡಲಿಲ್ಲ. ನಾಲ್ಕರಿಂದ ಶುರುಮಾಡಿ, ಎಂಜಿನ್ ಶಬ್ದ ಕೇಳುತ್ತ, ಮತ್ತೆ ಬಿಚ್ಚಿ ಸ್ವಲ್ಪ ಸ್ವಲ್ಪ ಅಗಲಿಸುತ್ತಿದ್ದರು. ಬ್ಲೇಡು ಆರಂಭ ಮಾತ್ರ. ಮುಗಿಸುತ್ತಿದ್ದುದು ಕಿವಿ.

ನಾಲ್ಕೂ ಹಾಕಿ, ಗಂಟು ನೋಡಿ ವಯರು ಸಿಕ್ಕಿಸಿ, ಎಂಜಿನ್ ಚಾಲು ಮಾಡಿದರು. ಅಂಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು ನಿಂತರು. ಹಳೆಯ ಕಾರು, ಸುಮ್ಮನೆಯೂ ನಡುಗುತ್ತಿತ್ತು.

"ಈಗ ಸರಿ ಉಂಟು," ಎಂದರು.

ಸರಿ ಇರಲಿಲ್ಲ. ಮೊದಲು ಒಂದು ತಪ್ಪುತ್ತಿದ್ದದ್ದು ಈಗ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪುತ್ತಿತ್ತು. ನಿಧಾನಕ್ಕೆ ಇಳಿಸಿದರೆ ಕೆಮ್ಮಿ ನಿಲ್ಲುವ ಹಾಗೆ ಆಗುತ್ತಿತ್ತು. ನಾನು ಅಮ್ಮನನ್ನು ನೋಡಿದೆ. ಅಮ್ಮ ನನ್ನನ್ನು ನೋಡಿದಳು. ಮಾವ ನಮ್ಮಿಬ್ಬರನ್ನೂ ನೋಡಿದರು.

ಅವರು ಎಂಜಿನ್ ನಿಲ್ಲಿಸಲಿಲ್ಲ. ಮರದ ಹಿಡಿಯ ಉದ್ದ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

"ಯಾವುದು?" ಎಂದರು.

ತಮ್ಮ ಕಿವಿಯ ವಿಷಯ ಅವರು ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು.

ಒಂದೊಂದು ಪ್ಲಗ್ಗಿನ ತಲೆಯಿಂದ ಎಂಜಿನ್ನಿನ ಮೈಗೆ ಸ್ಕ್ರೂಡ್ರೈವರ್ ತಾಗಿಸಿದರೆ ಅಷ್ಟು ಹೊತ್ತು ಕಿಡಿ ಹಾರದೆ ಆ ಪ್ಲಗ್ಗು ಸಾಯುತ್ತದೆ. ಆಗಲೂ ಶಬ್ದ ಬದಲಾಗದಿದ್ದರೆ ಅದು ಮೊದಲೇ ಸತ್ತಿದೆ ಎಂದು ಅರ್ಥ. ಅವರು ಹೇಳಿಕೊಟ್ಟಂತೆ ಮಾಡಿ ನಾನು ಬೆರಳು ತೋರಿಸುತ್ತ ಹೋದೆ. ಎರಡು ಸಲ ಶಾಕ್ ಹೊಡೆದು ಕೈ ಕೊಡವಿದೆ.

"ಹಿಡಿ ಮಾತ್ರ ಹಿಡಿ ಅಳಿಯ, ಕಬ್ಬಿಣ ಮುಟ್ಟಬೇಡ. ನಿನ್ನ ಪೇಪರಿನಲ್ಲಿ ನಿನ್ನದೇ ಸುದ್ದಿ ಬರುತ್ತದೆ."

ನಾನು ಬೆರಳಲ್ಲಿ ಹೇಳುವುದು, ಅವರು ಬಿಚ್ಚಿ ಅಗಲಿಸುವುದು. ಐದು ಬ್ಲೇಡಿನಷ್ಟಾದಾಗ ಅರ್ಧ ಸರಿಯಾಯಿತು. ಆರಕ್ಕೆ ಎಂಜಿನ್ ಒಂದೇ ಸಮ ಓಡತೊಡಗಿತು. ಆಗ ಮಧ್ಯಾಹ್ನ ದಾಟಿತ್ತು.

ಊಟಕ್ಕೆ ಕುಳಿತಾಗ ಮಾವ ಹೇಳಿದರು: "ನಾಳೆ ನೀನು ಹಿಂದಿನ ಸೀಟಿನಲ್ಲಿ ಕೂತುಕೋ. ಹಿಂದಿನಿಂದ ಹಾರ್ನ್ ಬಂದರೆ ಮೊಣಕಾಲಲ್ಲಿ ನನ್ನ ಸೀಟನ್ನು ಒಮ್ಮೆ ಒತ್ತು. ನಿಲ್ಲಿಸಬೇಕಾದರೆ ಎರಡು ಸಲ. ಇನ್ಸ್‌ಪೆಕ್ಟರು ಪಕ್ಕದಲ್ಲೇ ಇರ್ತಾರೆ, ಅವರ ಬಾಯಿ ನಾನು ನೋಡ್ತೇನೆ."

ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅವರ ಎದುರು ಬಂದು ನಿಂತಳು.

"ನಾಳೆಗೆ ಒಂದು ಕಿವಿ ಬಾಡಿಗೆಗೆ ಸಿಕ್ಕಿತು. ನಾಡಿದ್ದಿಗೆ?"

"ನಾಡಿದ್ದು ನೋಡುವ ಅಕ್ಕ."

"ಆ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಸಹ ಉಂಟು."

ಇದನ್ನು ಮಾವ ಕಂಡರೋ ಇಲ್ಲವೋ ಹೇಳಲಾರೆ. ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ನಾನು ಆಗುವುದಿಲ್ಲ ಎನ್ನಲಿಲ್ಲ.

ಗುರುವಾರ ಬಂಗಲೆಗೆ ಹೋಗುವ ಮೊದಲು ಅಭ್ಯಾಸಕ್ಕೆಂದು ಸಿದ್ಧಕಟ್ಟೆಯ ರಸ್ತೆಯಲ್ಲಿ ಹೊರಟೆವು. ಎರಡು ಬಸ್ಸು, ಒಂದು ಲಾರಿ ಹಿಂದಿನಿಂದ ಬಂದವು. ಮೂರು ಸಲವೂ ನಾನು ಮೊಣಕಾಲು ಒತ್ತಿದೆ, ಮಾವ ಹದವಾಗಿ ಎಡಕ್ಕೆ ಸರಿದರು. ಲಾರಿಯವನು ಕೈ ಎತ್ತಿ ನಮಸ್ಕಾರವನ್ನೂ ಮಾಡಿದ. ಕಾರು ತಿರುಗಿಸಿ ಬರುವಾಗ ನಾನು ಹಿಂದಿನ ಗಾಜಿನಲ್ಲೇ ಕಣ್ಣಿಟ್ಟಿದ್ದೆ. ಆದ್ದರಿಂದ ಎಡಗಡೆಯ ಓಣಿಯಿಂದ ಇಳಿಜಾರಿನಲ್ಲಿ ಬರುತ್ತಿದ್ದ ಸೈಕಲನ್ನು ನೋಡಲಿಲ್ಲ. ಗಂಟೆ ಕೇಳಿಸಿತು, ಒಂದು ಕೂಗೂ ಕೇಳಿಸಿತು. ತಿರುಗುವಷ್ಟರಲ್ಲಿ ಸೈಕಲು ನಮ್ಮ ಬಾಗಿಲಿನ ಪಕ್ಕದಲ್ಲೇ ಚರಂಡಿಗೆ ಬಿತ್ತು.

ಕಾರು ಮುಂದೆ ಹೋಗುತ್ತಲೇ ಇತ್ತು. ಮಾವನಿಗೆ ಏನೂ ಗೊತ್ತಾಗಿರಲಿಲ್ಲ. ನಾನು ಎರಡು ಸಲ ಒತ್ತಿದೆ.

ಬಿದ್ದವನು ಮೀನು ಮಾರುವವನು. ಮೊಣಕೈ ತರಚಿತ್ತು, ಅಷ್ಟೇ. ಬುಟ್ಟಿಯ ಬೂತಾಯಿ ಮೀನು ರಸ್ತೆಯ ತುಂಬ ಚೆಲ್ಲಿತ್ತು.

"ಬೆಲ್ ಮಾಡಿದೆ, ಬೊಬ್ಬೆ ಹಾಕಿದೆ," ಎಂದ ಅವನು. "ಇನ್ನೇನು, ನಿಮ್ಮ ಮನೆಗೆ ಬಂದು ಹೇಳಿ ಹೋಗಬೇಕಿತ್ತಾ ಡ್ರೈವರ್ರೇ?"

ಮಾವ ಅವನ ಬಾಯಿಯನ್ನೇ ನೋಡಿದರು. ಬಗ್ಗಿ ಮೀನು ಹೆಕ್ಕತೊಡಗಿದರು. ಬಂಗಲೆಗೆಂದು ಹಾಕಿಕೊಂಡಿದ್ದ ಬಿಳಿ ಅಂಗಿಯ ತೋಳಿಗೆ ಮಣ್ಣು ಮೆತ್ತಿತು. ಕೊನೆಯ ಮೀನಿನವರೆಗೂ ಹೆಕ್ಕಿ, ಚರಂಡಿಯ ನೀರಿನಲ್ಲಿ ಕೈ ತೊಳೆದು, ಕಾರಿನ ಹತ್ತಿರ ಬಂದು ನನಗೆ ಹೇಳಿದರು:

"ನೀನು ಒತ್ತಲಿಲ್ಲ."

"ನಾನು ನೋಡಲಿಲ್ಲ ಮಾವ."

"ಇನ್ನು ನೋಡು," ಎಂದು ಸೀಟಿಗೆ ಹತ್ತಿದರು.

ಬಂಗಲೆಯ ಅಂಗಳದಲ್ಲಿ ನಮ್ಮದು ಮೂರನೆಯ ಕಾರು. ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು, ಗಡಿಬಿಡಿ ಇಲ್ಲದ ಮನುಷ್ಯ. ಮೊದಲು ದೀಪ, ಬ್ರೇಕು, ಹಾರ್ನ್ ನೋಡಿದರು. ಎಲ್ಲದಕ್ಕೂ ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದುದರಿಂದ ಮಾವನಿಗೆ ತೊಂದರೆಯಾಗಲಿಲ್ಲ. ಆಮೇಲೆ ಎಂಜಿನ್ ಚಾಲು ಇಡುವಂತೆ ಹೇಳಿ ಬಾನೆಟ್ ಎತ್ತಿದರು. ಮಾವ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ನಾನು ಮಡ್‌ಗಾರ್ಡಿನ ಬದಿಯಲ್ಲಿ ನಿಂತಿದ್ದೆ. ಬಾನೆಟ್ಟಿನ ಮರೆಯಲ್ಲಿ ಇನ್ಸ್‌ಪೆಕ್ಟರ ಮುಖ ಮಾವನಿಗೆ ಕಾಣುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಬಗ್ಗಿ ಎಂಜಿನ್ನಿನ ಶಬ್ದ ಕೇಳಿದರು.

"ಇಷ್ಟು ಹಳೇ ಗಾಡಿ, ಒಂದು ಮಿಸ್ಸಿಂಗ್ ಇಲ್ಲ," ಎಂದರು. "ಡ್ರೈವರೇ, ಎಂಜಿನ್ ಕೆಲಸ ಯಾರ್ರೀ ಮಾಡಿದ್ದು?"

ಮಾವನ ಕಣ್ಣು ನನ್ನ ಮೇಲಿತ್ತು. "ಅವರೇ ಮಾಡಿದ್ದು ಸಾರ್" ಎಂದು ನಾನು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಹೇಳಿದ್ದರೆ ಇನ್ಸ್‌ಪೆಕ್ಟರು ನಕ್ಕು ಬಾನೆಟ್ ಇಳಿಸಿ, ಪಕ್ಕದಲ್ಲಿ ಬಂದು ಕೂರುತ್ತಿದ್ದರು. ನಾನು ಹಿಂದೆ ಹತ್ತುತ್ತಿದ್ದೆ. ನನ್ನ ಬಾಯಿ ತೆರೆಯಲಿಲ್ಲ. ಆ ಕ್ಷಣ ಯೋಚಿಸಿ ನಿರ್ಧರಿಸಿದೆ ಎಂದು ಈಗ ಬರೆದರೆ ಅದು ಸರಿಯಾದ ವರದಿಯಾಗುವುದಿಲ್ಲ. ಸುಮ್ಮನೆ ನಿಂತೆ, ಅಷ್ಟೇ.

"ಕೇಳ್ತಾ ಇದ್ದೀನಿ, ಯಾರು ಮಾಡಿದ್ದು?" ಇನ್ಸ್‌ಪೆಕ್ಟರು ಈ ಸಲ ಗಟ್ಟಿಯಾಗಿ ಕೇಳಿದರು. ಅಂಗಳದಲ್ಲಿದ್ದವರು ತಿರುಗಿ ನೋಡಿದರು.

ಏನೋ ಕೇಳಿದ್ದಾರೆಂದು ನನ್ನ ಮುಖದಿಂದ ಮಾವನಿಗೆ ತಿಳಿಯಿತು. ಏನು ಎಂದು ತಿಳಿಯಲಿಲ್ಲ. ಅವರು ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಜೋರಾಗಿ, ಒಂದೇ ಸಮನೆ ಏರಿತು.

ಇನ್ಸ್‌ಪೆಕ್ಟರು ಬಾನೆಟ್ಟಿನ ಮರೆಯಿಂದ ಈಚೆ ಬಂದರು. ಕೈ ತೋರಿಸಿ ಎಂಜಿನ್ ನಿಲ್ಲಿಸಿದರು. ಅವರು ಗದರಲಿಲ್ಲ. ಮಾವನ ಕಿಟಕಿ ದಾಟಿ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಒಮ್ಮೆ ಕರೆದರು, ಮತ್ತೊಮ್ಮೆ ಕರೆದರು. ಆಮೇಲೆ ಎದುರಿಗೆ ಬಂದು ಲೈಸೆನ್ಸಿಗೆ ಕೈ ನೀಡಿದರು. ಮಾವ ಜೇಬಿನಿಂದ ತೆಗೆದು ಕೊಟ್ಟರು. ಓಡಿಸಿ ತೋರಿಸುವುದಕ್ಕೆ ಕರೆಯಲಿಲ್ಲ.

ಕಾರನ್ನು ಮನೆಗೆ ತಂದದ್ದು ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರು. ಮಾವ ಅವನ ಪಕ್ಕದಲ್ಲಿ ಕುಳಿತರು. ಕಾರು ಅಂಗಳದಲ್ಲಿ ನಿಂತು ಅವನು ಹೋದ ಮೇಲೂ ಇಳಿಯಲಿಲ್ಲ. ನಾನು ಹಿಂದಿನಿಂದ ಇಳಿದು ಅವರ ಕಿಟಕಿಯ ಹತ್ತಿರ ಬಂದೆ.

"ಬಾನೆಟ್ಟಿನ ಹಿಂದೆ ಅವರು ಎಂತ ಕೇಳಿದ್ದು?" ಎಂದರು.

"ಎಂಜಿನ್ ಕೆಲಸ ಯಾರು ಮಾಡಿದ್ದು ಅಂತ. ಒಂದು ಮಿಸ್ಸಿಂಗ್ ಇಲ್ಲ ಅಂದರು."

ಅವರು ನನ್ನ ಬಾಯಿಯನ್ನು ನೋಡಿದರು. ಎರಡನೇ ಸಲ ಹೇಳಿಸಿದರು. ನಾನು ಎರಡನೇ ಸಲ ಹೇಳಿದೆ.

"ನೀನು ಎಂತ ಹೇಳಿದೆ?"

"ನಾನು ಏನೂ ಹೇಳಲಿಲ್ಲ."

ಅವರು ತಲೆ ಆಡಿಸಿದರು. ಬಾಗಿಲು ತೆರೆದು ಇಳಿದು, ಕಾರಿನ ಮುಂದಿನಿಂದ ಸುತ್ತಿ ಒಳಗೆ ಹೋದರು. ಅಂಗಿಯ ತೋಳಿನ ಮಣ್ಣನ್ನು ನೋಡಿ ಅಮ್ಮ ಏನಾಯಿತೆಂದು ಕೇಳಿದ್ದು ನನಗೆ ಹೊರಗೆ ಕೇಳಿಸಿತು. ಬಿದ್ದ ಸೈಕಲಿನ ವಿಷಯವನ್ನು ಮಾವ ಮೊದಲಿನಿಂದ ಹೇಳತೊಡಗಿದರು, ಬೆಲ್ಲೂ ಬೊಬ್ಬೆಯೂ ತಮಗೆ ಕೇಳಿಸದ್ದನ್ನೂ ಸೇರಿಸಿ, ಒಂದನ್ನೂ ಬಿಡದೆ.