ಬಿಳಿ ಕೋಲಿಗೆ ಕರಿ ಬೊಟ್ಟು

ಚನ್ನಪಟ್ಟಣ, ಮಧ್ಯಾಹ್ನ. ಸಂಜೆಗೆ ವಿಮಾನ. ನಮ್ಮ ಮಕ್ಕಳ ತಂಡ ಮೊದಲ ಬಾರಿಗೆ ವಿದೇಶದಲ್ಲಿ ನೀರಿನಡಿಯ ಹಾಕಿ ಆಡಲು ಹೊರಟಿದೆ. ಉಸಿರು ಬಿಗಿಹಿಡಿದು ಈಜುಕೊಳದ ತಳದಲ್ಲಿ ಆಡುವ ಆಟವಿದು. ಒಂದು ತಂಡದ ಕೈಯಲ್ಲಿ ಬಿಳಿ ಕೋಲು, ಇನ್ನೊಂದರ ಕೈಯಲ್ಲಿ ಕಪ್ಪು. ಎರಡೂ ಬಗೆಯವನ್ನು ಒಯ್ಯಬೇಕು. ಬೇರೆ ಬಣ್ಣ ಚುಕ್ಕೆಯಷ್ಟಿದ್ದರೂ ರೆಫರಿ ಒಪ್ಪುವುದಿಲ್ಲ.

ಗೊಂಬೆ ಮಾಡುವ ಪುಟ್ಟಸ್ವಾಮಣ್ಣನಿಗೆ ಇದನ್ನೆಲ್ಲ ಹೇಳಿಯೇ ಕೋಲು ಮಾಡಿಸಿದ್ದೆ. ಗಂಟು ಬಿಚ್ಚಿದರೆ ಪ್ರತಿ ಬಿಳಿ ಕೋಲಿನ ತುದಿಯಲ್ಲೂ ಒಂದು ಕರಿ ಬೊಟ್ಟು!

"ಇದೇನಣ್ಣ ಇದು?"

"ನಾನಿಕ್ಕಿದ್ದು ಕಣವ್ವ," ಎನ್ನುತ್ತ ಅವರ ಹೆಂಡತಿ ಜಯಮ್ಮ ಒಳಗಿನಿಂದ ಬಂದರು. "ಮಕ್ಳು ಅಷ್ಟು ದೂರ ಓಯ್ತವೆ, ದೃಷ್ಟಿ ಆಗ್ಬಾರ್ದು ಅಂತ."

ಪುಟ್ಟಸ್ವಾಮಣ್ಣ ಬೊಟ್ಟುಗಳ ಮೇಲೆ ಬಿಳಿ ಬಳಿದರು. ಕಪ್ಪು ಬೂದುಬಣ್ಣವಾಗಿ ಇಣುಕಿತು. ಇನ್ನೊಂದು ಸಲ ಬಳಿದು ಫ್ಯಾನಿನ ಕೆಳಗಿಟ್ಟರು. ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಕೊನೆಗೂ ಎಲ್ಲವೂ ಬೆಳ್ಳಗಾದವು. ಬಣ್ಣ ಒಣಗಿದ್ದನ್ನು ಬೆರಳಿಂದ ಮುಟ್ಟಿ ನೋಡಿ ಗಂಟು ಕಟ್ಟಿದೆ.

ಜಯಮ್ಮನ ಮುಖ ಸಪ್ಪಗಾಗಿತ್ತು. ಸಮಾಧಾನಕ್ಕೆಂದು, "ಸದ್ಯ, ಕರಿ ಕೋಲಿಗೆ ಇಟ್ಟಿಲ್ಲವಲ್ಲ," ಎಂದು ನಕ್ಕೆ.

"ಇಕ್ದೆ ಬುಟ್ಟೇನಾ?" ಎಂದರು. "ಕಾಣಾಕಿಲ್ಲ, ಅಷ್ಟೆಯ."